ಗುರುಮಲ್ಲಯ್ಯನವರ ಬೋಣಿ

ಇದು ಗುಂಡ್ಲುಪೇಟೆಯಲ್ಲಿ ನಡೆದದ್ದು, ಮತ್ತು ನಡೆದದ್ದು ನಡೆದ ಹಾಗೇ. ನಂಬಿಕೆ ಬಾರದವರು ಊರಿಗೆ ಬಂದು ಯಾರನ್ನಾದರೂ ಕೇಳಿ ನೋಡಬಹುದು. ಗುರುಮಲ್ಲಯ್ಯನವರ ಪಾತ್ರೆ ಅಂಗಡಿಯ ಮುಂದೆ ನಿಂತು ಮಾತ್ರ ಕೇಳಬಾರದು. ಕೇಳಿದರೆ ಅವರು ಎರಡು ಸಲ ಕೆಮ್ಮುತ್ತಾರೆ. ಕೆಮ್ಮಿದ ಮೇಲಿನದಕ್ಕೆ ಕತೆ ಹೊಣೆಯಲ್ಲ.

ಗುರುಮಲ್ಲಯ್ಯನವರಿಗೆ ಒಂದು ಕೈ ಇತ್ತು. ಎಲ್ಲರ ಹಾಗೆ ಎರಡೇ ಇದ್ದವು ಅನ್ನಿ, ಆದರೆ ಊರು ಲೆಕ್ಕಕ್ಕೆ ಹಿಡಿದದ್ದು ಬಲಗೈಯೊಂದನ್ನು. ಗುಂಡ್ಲುಪೇಟೆಯಲ್ಲಿ ಯಾರು ಹೊಸದಾಗಿ ಏನು ತೆರೆದರೂ ಮೊದಲ ವ್ಯಾಪಾರ, ಅಂದರೆ ಬೋಣಿ, ಆ ಕೈಯಿಂದ ಆಗಬೇಕು. ಬೇಕರಿಯವನು ಅವರ ಕೈಗೆ ಮೊದಲ ಬನ್ನು ಕೊಟ್ಟ, ವರ್ಷ ತುಂಬುವುದರೊಳಗೆ ಇನ್ನೊಂದು ಬೇಕರಿ ತೆರೆದ. ಮೆಡಿಕಲ್ ಸ್ಟೋರಿನಲ್ಲಿ ಅವರು ಬೋಣಿಗೆಂದು ತಲೆನೋವಿನ ಮಾತ್ರೆ ಕೊಂಡರು, ಅವತ್ತಿನಿಂದ ಊರಿಗೆಲ್ಲ ತಲೆನೋವು. ಅವರು ಬೋಣಿ ಮಾಡಿಯೂ ಬಾಗಿಲು ಮುಚ್ಚಿದ ಅಂಗಡಿಗಳು ಇರಲಿಲ್ಲವೆಂದಲ್ಲ. ಅವುಗಳ ಮಾತೆತ್ತಿದರೆ, "ಕೈಗುಣ ನಂದು, ಬಾಯಿಗುಣ ಅವನದು" ಎಂದು ಮುಗಿಸುತ್ತಿದ್ದರು. ಪಾತ್ರೆ ಅಂಗಡಿ ಅವರಿಗೆ ಅನ್ನ ಹಾಕುತ್ತಿತ್ತು, ನಿಜ. ಆದರೆ ಬೆಳಿಗ್ಗೆ ಗರಿಗರಿ ಬಿಳಿ ಅಂಗಿ ತೊಟ್ಟು ರಸ್ತೆಗಿಳಿದಾಗ ಜನ ಎದ್ದು ನಿಲ್ಲುತ್ತಿದ್ದದ್ದು ಪಾತ್ರೆಗಲ್ಲ, ಆ ಕೈಗೆ. ಅದು ಅವರಿಗೂ ಗೊತ್ತಿತ್ತು.

ಇಂಥವರ ಅಂಗಡಿಯ ಮುಂದೆ ಶಿವರಂಜಿನಿ ಸ್ಕೂಟಿ ನಿಲ್ಲಿಸಿದಳು. ಚಾಮರಾಜನಗರದವಳು, ಹೆಂಗಸರ ಸಂಘಗಳ ಒಕ್ಕೂಟದಲ್ಲಿ ಕೆಲಸ. ಜಿಲ್ಲೆಯಲ್ಲೇ ಮೊದಲ ಸಲ ಕರಕುಶಲ ಮೇಳ ಮಾಡುತ್ತೇವೆಂದು ಎದುರುಗಡೆಯ ಕಲ್ಯಾಣ ಮಂಟಪ ಹಿಡಿದಿದ್ದಳು. ಕುಶಲ ವಿಚಾರಿಸದೆ ನೇರವಾಗಿ ಕರಪತ್ರ ಚಾಚಿದಳು.

"ಮೂರು ದಿನ ಸರ್. ಉಮ್ಮತ್ತೂರಿನ ಬುಟ್ಟಿ, ಮೊರ. ಹರವೆಯಿಂದ ಕೈಹೊಲಿಗೆ. ನಿಮ್ಮೂರಿನವರದೇ ಮರದ ಬುಗುರಿ, ಲಟ್ಟಣಿಗೆ. ನೀವು ಬರಲೇಬೇಕು."

ಗುರುಮಲ್ಲಯ್ಯನವರು ಕನ್ನಡಕ ಏರಿಸಿ ಓದಿದರು. ಜ್ಯೋತಿ ಬೆಳಗಿಸುವವರು ಯಾರೋ ಸಾಹೇಬರು. ಅಧ್ಯಕ್ಷತೆ ಇನ್ನೊಬ್ಬ ಸಾಹೇಬರು. ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳು, ವಂದನಾರ್ಪಣೆ. ಕರಪತ್ರ ತಿರುಗಿಸಿದರು. ಹಿಂದೆ ಬಿಳಿ.

"ಬೋಣಿ ಯಾರದಮ್ಮಿ?"

"ಬೋಣಿನಾ? ಅದೆಲ್ಲ ಏನಿಲ್ಲ ಸರ್. ಪ್ರತಿ ಸ್ಟಾಲಿಗೂ ಸ್ಕ್ಯಾನರ್ ಇಡ್ತೀವಿ. ಯಾರ್ ಬೇಕಾದ್ರೂ ಮೊದಲು ಸ್ಕ್ಯಾನ್ ಮಾಡ್ಬೋದು."

"ಯಾರ್ ಬೇಕಾದ್ರೂವೆ?"

"ಹೂಂ ಸರ್. ಇನ್ನೊಂದು, ಫುಟ್‌ಪಾತ್ ಮೇಲೆ ಜೋಡಿಸಿದೀರಲ್ಲ ಪ್ಲಾಸ್ಟಿಕ್ ಟಬ್ಬು, ಮೂರು ದಿನ ಒಳಗೆ ಇಟ್ಕೊಂಡ್ರೆ ನಮ್ಮ ಬ್ಯಾನರ್ ಕಾಣುತ್ತೆ."

ಗುರುಮಲ್ಲಯ್ಯನವರು ಎರಡು ಸಲ ಕೆಮ್ಮಿದರು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಲಿಂಗಯ್ಯ ಟೀ ಲೋಟ ಕೆಳಗಿಟ್ಟ. ಬಸ್ ಕಂಡಕ್ಟರಾಗಿ ರಿಟೈರಾದ ಮೇಲೆ ಅವನು ದಿನವೂ ಅಲ್ಲೇ ಇಳಿಯುತ್ತಿದ್ದ. ಆ ಕೆಮ್ಮಿನ ಮುಂದಿನ ಸ್ಟಾಪು ಯಾವುದೆಂದು ಅವನಿಗೆ ಗೊತ್ತಿತ್ತು.

"ನೋಡು, ನಾನೇನು ಬ್ಯಾಡ ಅನ್ನಲ್ಲ," ಎಂದರು ಗುರುಮಲ್ಲಯ್ಯನವರು. ಅವರು ಬೇಡ ಎನ್ನುತ್ತಿದ್ದದ್ದೇ ಹಾಗೆ. "ನಿಮ್ ನಗರದಲ್ಲಿ ಜಾಗ ಇರ್ನಿಲ್ವಾ?"

"ಇಲ್ಲಿ ಊಟಿಗೆ ಹೋಗೋ ಕಾರೆಲ್ಲ ನಿಲ್ಲುತ್ತೆ ಸರ್."

"ಕಾರು ನಿಂತ್ಕತದೆ. ಜನ ನಿಂತ್ಕಬೇಕಲ್ಲ."

"ಜನ ನಿಲ್ಲೋದು ಬಿಡೋದು ನಿಮ್ಮ ಕೈಲಿಲ್ಲ ಸರ್," ಎಂದು ಸ್ಕೂಟಿ ಹತ್ತಿದಳು ಶಿವರಂಜಿನಿ.

ಅವಳು ಆಡಿದ್ದು ಎಲ್ಲರೂ ಆಡುವ ಮಾತೇ. ಆದರೆ 'ನಿಮ್ಮ ಕೈಲಿಲ್ಲ' ಎನ್ನುವುದಕ್ಕೆ ಊರಲ್ಲಿ ಆ ಕೈಯೊಂದನ್ನು ಬಿಟ್ಟು ಬೇರೆ ಎಷ್ಟೋ ಕೈಗಳಿದ್ದವು.

ಗುರುಮಲ್ಲಯ್ಯನವರು ವರ್ತಕರ ಸಂಘದ ಅಧ್ಯಕ್ಷರೂ ಹೌದು. ಸಂಘದ ವಾಟ್ಸಾಪ್ ಗುಂಪಿಗೆ ಅವರು ಅಕ್ಷರ ಕುಟ್ಟುವವರಲ್ಲ, ಧ್ವನಿಯನ್ನೇ ಕಳಿಸುವವರು. ಕಳಿಸಿದರು: ಎರಡು ಕೆಮ್ಮು, ಆಮೇಲೆ, "ನೋಡಿ, ನಾನೇನು ಬ್ಯಾಡ ಅನ್ನಲ್ಲ. ಓಗೋರು ಓಗ್ಲಿ. ನನ್ ಕೈಯಿಂದಂತೂ ಅಲ್ಲಿ ಬೋಣಿ ಆಗಲ್ಲ. ಮೊದಲ್ನೇ ಕಾಸು ಹಾಕಿ ಕೈ ಸುಟ್ಕಳೋನು ಯಾರು ಅಂತ ನಾನೂ ನೋಡ್ಬೇಕು." ಈ ಮಾತು ಒಂದು ಫೋನಿನಿಂದ ಇನ್ನೊಂದಕ್ಕೆ ಹಾರಿ ಸಂಜೆಗೆ ತೆರಕಣಾಂಬಿ ದಾಟಿತು. ಹೋಟೆಲುಗಳಲ್ಲಿ ಜನ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ಕೆಲವರು ಹೆದರಿಕೊಂಡು ಕೇಳಿದರು. ಮೈಕ್‌ಸೆಟ್ ಬಾಡಿಗೆಗೆ ಕೊಡುವ ತೌಸಿಫ್, ಮದುವೆ ಮನೆಗಳಲ್ಲಿ ಹತ್ತು ಜನರ ಗಂಟಲಲ್ಲಿ ಮಾತಾಡಿ ನಗಿಸುವ ಬಿ.ಎ. ಪದವೀಧರ, ಅದನ್ನು ಪಾಠ ಕಲಿಯುವವನ ಹಾಗೆ ಕೇಳಿದ. ಮರದ ಬುಗುರಿ, ಲಟ್ಟಣಿಗೆಯ ಸ್ಟಾಲು ಅವನ ಅಪ್ಪ ಅಪ್ಸರ್ ಪಾಷಾರದು.

ಮೇಳದ ದಿನ ಬೆಳಿಗ್ಗೆ ಸಾಹೇಬರುಗಳು ಬಂದರು, ದೀಪ ಹಚ್ಚಿದರು, ಫೋಟೋ ಹಿಡಿಸಿಕೊಂಡರು, ಹೋದರು. ಪ್ಲಾಸ್ಟಿಕ್ ಟಬ್ಬುಗಳು ಇದ್ದಲ್ಲೇ ಇದ್ದವು; ಗುರುಮಲ್ಲಯ್ಯನವರು ಅವುಗಳ ಮೇಲೆ ಇನ್ನೊಂದು ಸಾಲು ಏರಿಸಿದ್ದರು. ಹಿಂದಿನಿಂದ ಬ್ಯಾನರಿನ 'ಮೇಳ' ಮಾತ್ರ ಇಣುಕುತ್ತಿತ್ತು. ಅವರು ಗಲ್ಲಾದ ಹಿಂದೆ ಕುರ್ಚಿ ಹಾಕಿಕೊಂಡು ಎದುರಿನ ಬಾಗಿಲ ಮೇಲೆ ಕಣ್ಣು ನೆಟ್ಟರು.

ಜನ ಹೋಗುತ್ತಿದ್ದರು. ಹೋದ ಬರಿಗೈಯಲ್ಲೇ ಬರುತ್ತಿದ್ದರು.

"ಒಳಗೆ ನೋಡ್ಕಬಂದೆ ಕಣಣ್ಣ," ಎಂದ ಲಿಂಗಯ್ಯ. "ಎಲ್ಲಾರೂ ಮುಟ್ತಾರೆ, ಮೂಸ್ತಾರೆ, ಎಷ್ಟು ಅಂತಾರೆ, ಮಡಗ್ತಾರೆ. ಮೊದಲ್ನೇದು ತಕಳಕೆ ಒಬ್ರಿಗೂ ಧೈರ್ಯ ಇಲ್ಲ. ಆ ಹುಡುಗಿ ಅಲ್ಲಿಂದಿಲ್ಗೆ ಇಲ್ಲಿಂದಲ್ಗೆ ತಿರುಗ್ತಾಳೆ."

"ಮುಖ ಎಂಗದೆ?"

"ಟಿಕೆಟ್ ಕಳ್ಕಂಡೋರ ಮುಖ."

ಗುರುಮಲ್ಲಯ್ಯನವರು ಬಲಗೈಯನ್ನು ಗಲ್ಲಾದ ಮೇಲೆ ಅಂಗಾತ ಇಟ್ಟು ನೋಡಿಕೊಂಡರು. ಊರು ಇನ್ನೂ ಆ ಕೈಯೊಳಗೇ ಇತ್ತು.

ಬಿಸಿಲು ನೆತ್ತಿಗೇರಿದಾಗ ಒಬ್ಬ ಹೆಂಗಸು ರಸ್ತೆ ದಾಟಿ ನೇರ ಅಂಗಡಿಗೆ ಬಂದಳು. ಉಮ್ಮತ್ತೂರಿನ ಕರಿಯಮ್ಮ, ಬಿದಿರು ಹೆಣೆಯುವವಳು. ಮೆಟ್ಟಿಲು ಹತ್ತದೆ ಟಬ್ಬುಗಳ ಆಚೆ ನಿಂತಳು.

"ಬುದ್ದಿ, ಬಂದು ಒಂದು ಮೊರ ತಕಳಿ. ಬೋಣಿ ಆಗ್ದೆ ನಾವು ಬಾಯಿಗೆ ನೀರೂ ಹಾಕ್ಕಳಲ್ಲ, ನಿಮ್ಗೂ ಗೊತ್ತು."

"ನೋಡವ್ವ, ನಾನೇನು ಬ್ಯಾಡ ಅನ್ನಲ್ಲ. ಆ ಹುಡುಗಿ ಬಂದು ಕೇಳ್ಲಿ."

"ಅವ್ಳು ಕೇಳಲ್ವಂತೆ. ಬೇಡ್ಕಂಡೆ, ಬೈದೂ ನೋಡ್ದೆ. ಸತ್ರೂ ಬರಲ್ಲ ಅಂತಾಳೆ."

"ಅಂಗಾದ್ರೆ ಮೊರ ಹೊತ್ಕಂಡು ಊರಿಗೋಗು."

ಕರಿಯಮ್ಮ ಸೆರಗು ಬಿಗಿದಳು. "ಅವ್ಳ ಮೇಲೆ ನಿಮ್ಗೆ ಸಿಟ್ಟು, ನಿಮ್ ಮೇಲೆ ಅವ್ಳಿಗೆ ಸಿಟ್ಟು. ಬೆಂಕಿ ಬೀಳೋದು ನನ್ ಬುಟ್ಟಿಗೆ. ನಾನೇನ್ ಮಾಡಿದ್ನಿ? ಬಿದಿರು ಸೀಳ್ದೆ, ಕೈ ಸೀಳ್ಕಂಡೆ, ಬಸ್ ಹತ್ಕಂಡು ಬಂದೆ. ನಿಮ್ ಕೈ ದೊಡ್ಡದಂತೆ. ನನ್ ಕಣ್ಗೇನೋ ಅಂಗೆ ಕಾಣ್ನಿಲ್ಲ."

"ಏಯ್," ಎಂದ ಲಿಂಗಯ್ಯ.

"ನಿನ್ಗೇನ್ಲಾ? ಟೀ ಕುಡಿ," ಎಂದು ಕರಿಯಮ್ಮ ತಿರುಗಿದಳು. ಎದುರಿನ ಬಾಗಿಲಲ್ಲಿ ಶಿವರಂಜಿನಿ ಕೈಕಟ್ಟಿ ನಿಂತಿದ್ದಳು. ರಸ್ತೆಯ ಆ ದಡದಿಂದ ಅವಳೂ ಈ ದಡದಿಂದ ಅವರೂ ನೋಡಿಕೊಂಡರು. ನಡುವೆ ಊಟಿಗೆ ಹೋಗುವ ಕಾರುಗಳು ಸಾಲಾಗಿ ಹಾದವು, ಯಾವುದೂ ನಿಲ್ಲಲಿಲ್ಲ. ಇಬ್ಬರೂ ಕಣ್ಣು ಕೀಳಲಿಲ್ಲ. ಕರಿಯಮ್ಮ ಅವಳ ಪಕ್ಕ ಹಾದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಯಾರೋ ಕರೆದರೆಂದು ಶಿವರಂಜಿನಿಯೂ ಹೋದಳು.

ಗೆದ್ದೆ ಎಂದುಕೊಂಡರು ಗುರುಮಲ್ಲಯ್ಯನವರು. ಊಟಕ್ಕೆ ಏಳೋಣವೆಂದು ಕುರ್ಚಿಯ ಕೈ ಹಿಡಿದರು.

ಮಂಟಪದ ಮುಂದೆ ಕಟ್ಟಿದ್ದ ಲೌಡ್‌ಸ್ಪೀಕರ್ ಕಿರ್ರೆಂದಿತು. ಎರಡು ಸಲ ಕೆಮ್ಮಿತು.

"ನೋಡವ್ವ ಕರಿಯಮ್ಮ," ಎಂದಿತು ಗುರುಮಲ್ಲಯ್ಯನವರ ಧ್ವನಿ, "ನಾನೇನು ಬ್ಯಾಡ ಅನ್ನಲ್ಲ. ಆದ್ರೆ ಈ ಮೊರಕ್ಕೆ ನೀನ್ ಹೇಳ್ತಿರೋ ರೇಟು ನ್ಯಾಯವಾ?"

ಗುರುಮಲ್ಲಯ್ಯನವರು ಅರ್ಧ ಎದ್ದವರು ಅರ್ಧದಲ್ಲೇ ಉಳಿದರು. ಲಿಂಗಯ್ಯ ಸ್ಪೀಕರ್ ನೋಡಿದ, ಅವರನ್ನು ನೋಡಿದ, ಮತ್ತೆ ಸ್ಪೀಕರ್ ನೋಡಿದ.

"ಅಣ್ಣ, ನೀವು ಇಲ್ಲೇ ಇದ್ದೀರಲ್ಲ?"

"ಇನ್ನೆಲ್ಲಿರ್ಲಿ?"

"ನ್ಯಾಯ ಕೇಳಕೆ ಬಂದ್ಬುಟ್ರು," ಎಂದಿತು ಸ್ಪೀಕರಿನಲ್ಲಿ ಕರಿಯಮ್ಮನ ಧ್ವನಿ. ಅದು ಅಸಲಿ, ರಸ್ತೆಯಾಚೆಯ ಸಿಟ್ಟಿನ ಬಿಸಿ ಇನ್ನೂ ಆರಿರಲಿಲ್ಲ. "ನಿಮ್ ಪ್ಲಾಸ್ಟಿಕ್ ಮೊರದಲ್ಲಿ ಅಕ್ಕಿ ಕೇರಿ ನೋಡಿದೀರಾ? ಕಲ್ಲು ಮುಂದಕ್ ಬಂದು ಅಕ್ಕಿ ಹಾರೋಯ್ತದೆ. ಮಾರೋ ನಿಮ್ಗೆ ನಾಚ್ಕೆ ಇಲ್ವಾ?"

"ಇತ್ತು ಕಣವ್ವ. ಅದನ್ನೂ ಮಾರ್ಬುಟ್ಟೆ."

ರಸ್ತೆಯಲ್ಲಿ ಯಾರೋ ಕಿಸಕ್ಕೆಂದರು. ಹಣ್ಣಿನ ಗಾಡಿಯವನು ತಕ್ಕಡಿ ಕೆಳಗಿಟ್ಟ.

"ಕಡಿಮೆ ಮಾಡ್ಕ," ಎಂದಿತು ಗುರುಮಲ್ಲಯ್ಯನವರ ಧ್ವನಿ.

"ಮಾಡಲ್ಲ."

"ಒಂಚೂರು?"

"ಒಂದ್ ಕಾಸೂ ಇಲ್ಲ."

"ಅಂಗಾದ್ರೆ ಆಯ್ತು, ಕೇಳ್ದಷ್ಟೇ ತಕೊ. ಇನ್ನೊಂದು ಮೊರಾನೂ ಕೊಡು. ಬುಟ್ಟೀನೂ ಕೊಡು."

ಗುರುಮಲ್ಲಯ್ಯನವರ ಮುಖಕ್ಕೆ ರಕ್ತ ನುಗ್ಗಿತು. ತಮ್ಮ ಕಂಠ ಕದ್ದದ್ದು ಒಂದು, ಅದನ್ನು ಹೇಗಾದರೂ ಸಹಿಸಬಹುದಿತ್ತು. ಆದರೆ ಅವರು ಹುಟ್ಟಿದ ಮೇಲೆ ಯಾರಿಗೂ ಕೇಳಿದಷ್ಟು ಕೊಟ್ಟವರಲ್ಲ. ಹೆಂಡತಿಯ ತಾಳಿಯ ಚಿನ್ನಕ್ಕೂ ಚೌಕಾಸಿ ಮಾಡಿ ಮುಹೂರ್ತ ಮೀರಿಸಿದವರು.

"ಕೊಟ್ಬುಟ್ನಲ್ಲ ಲಿಂಗಯ್ಯ, ಆ ಬಡ್ಡೀಮಗ. ಕೇಳ್ದಷ್ಟೂ ಕೊಟ್ಬುಟ್ನಲ್ಲ."

"ತಕಳವ್ವ ನೋಟು," ಎನ್ನುತ್ತಿತ್ತು ಸ್ಪೀಕರ್. "ಕಣ್ಗೊತ್ಕ. ಈ ಕೈ ಬಿದ್ಮೇಲೆ ಸಂಜೆಗೆ ನಿನ್ ಬುಟ್ಟಿಯೆಲ್ಲ ಖಾಲಿ."

ರಸ್ತೆ ಕಿವಿ ನೆಟ್ಟಗೆ ಮಾಡಿತು. ಆಮೇಲೆ ಹರಿಯಿತು. ಬೇಕರಿಯಿಂದ, ಹೂವಿನ ಅಂಗಡಿಯಿಂದ, ಬಸ್ಸಿಗೆ ಕಾಯುತ್ತಿದ್ದವರ ಸಾಲಿನಿಂದ ಜನ ಮಂಟಪದ ಕಡೆ ನುಗ್ಗಿದರು. ಗುಂಪು ಕಂಡದ್ದೇ ಊಟಿ ಕಾರುಗಳೂ ನಿಂತವು. ಗುರುಮಲ್ಲಯ್ಯನವರ ಅಂಗಡಿಯಲ್ಲೇ ಕುಕ್ಕರಿನ ಮುಚ್ಚಳ ತಿರುವುತ್ತಿದ್ದ ಹೆಂಗಸು ಅದನ್ನು ಕೆಳಗಿಟ್ಟು, "ಬೋಣಿ ಆಯ್ತಂತೆ, ಬತ್ತೀನಿ," ಎಂದು ಹೊರಟವಳು ಗಲ್ಲಾದ ಹಿಂದೆ ಅವರನ್ನು ಕಂಡು ನಿಂತಳು.

"ಇಷ್ಟ್ ಬೇಗ ವಾಪಸ್ ಬಂದ್ಬುಟ್ರಾ?"

"ನಾನು ಹೋಗೇ ಇಲ್ಲ ಕಣಮ್ಮ."

"ಅಯ್ಯೋ ಬುಡಿ, ನಾನೇ ಕೇಳಿಸ್ಕಂಡ್ನಲ್ಲ," ಎಂದು ಅವಳು ರಸ್ತೆ ದಾಟಿಯೇ ಬಿಟ್ಟಳು.

ಗುರುಮಲ್ಲಯ್ಯನವರು ಚಪ್ಪಲಿ ಮೆಟ್ಟಿದರು. ಅಂಗಿಯ ತೋಳು ಮಡಿಸಿದರು. ಹಿಂದೆ ಲಿಂಗಯ್ಯ ಓಡಿ ಬಂದ.

"ಏನ್ ಮಾಡೀರಿ?"

"ಮೈಕ್ ಕಿತ್ಕತೀನಿ. ಅದು ನಾನಲ್ಲ, ಪೋರ್ಕಿ ತೌಸಿಫ ಅಂತ ಊರಿಗೆಲ್ಲ ಹೇಳ್ತೀನಿ. ಒಂದೊಂದು ಮೊರಾನೂ ವಾಪಸ್ ಕೊಡಿಸ್ತೀನಿ. ಆ ಹುಡುಗಿ ಗಂಟು ಕಟ್ಕಂಡು ಓಗ್ಬೇಕು."

"ಹೇಳಿ," ಎಂದ ಲಿಂಗಯ್ಯ ಏದುಸಿರಿನಲ್ಲಿ. "ಆದ್ರೆ ಅಣ್ಣ, ಆಗ್ಲೇ ಯಾಪಾರ ಕಿತ್ಕಂಡೋಯ್ತಾದೆ. ನೀವಲ್ಲ ಅಂದ್ರೆ, ನಿಮ್ ಕೈ ಬೀಳ್ದೇನೇ ಇಷ್ಟೆಲ್ಲ ಆಯ್ತು ಅಂತ ಆಗಲ್ವಾ?"

ಗುರುಮಲ್ಲಯ್ಯನವರು ನಡುರಸ್ತೆಯಲ್ಲಿ ನಿಂತರು. ಆಟೋದವನು ಹಾರನ್ ಹೊಡೆದ, ಬೈದ, ಯಾರೆಂದು ಕಂಡು ಬೈಗುಳವನ್ನು ಅರ್ಧಕ್ಕೆ ನುಂಗಿ ಸುತ್ತಿಕೊಂಡು ಹೋದ. ನಾನಲ್ಲ ಎಂದರೆ ಬರಿಗಾಳಿಯ ಬೋಣಿಗೆ ಮೇಳ ನಡೆದಂತಾಯಿತು. ನಾಳೆಯಿಂದ ಬೇಕರಿಗೆ, ಮೆಡಿಕಲ್ಲಿಗೆ, ಮೊಬೈಲ್ ಅಂಗಡಿಗೆ ಇವರ ಕೈಯೇ ಏಕೆ, ಯಾವ ಕೆಮ್ಮಾದರೂ ಸಾಕು. ನಾನೇ ಎಂದರೆ ಕೇಳಿದಷ್ಟು ಕೊಟ್ಟು ಎರಡು ಮೊರ ಹೊತ್ತು, ಆ ಹುಡುಗಿಯ ಮುಂದೆ ಮಂಡಿಯೂರಿದಂತಾಯಿತು. ಎರಡರಲ್ಲಿ ಯಾವುದನ್ನು ನುಂಗಿದರೂ ಗಂಟಲಿಗೆ ಸಿಕ್ಕುವಂಥದ್ದೇ. ಹಿಂದೆ ತಿರುಗುವಂತೆಯೂ ಇರಲಿಲ್ಲ, ಬಸ್ ನಿಲ್ದಾಣದವರೆಲ್ಲ ನೋಡುತ್ತಿದ್ದರು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಬುಗುರಿಯ ಸ್ಟಾಲಿನ ಮುಂದೆ ಕೇರಳದ ಕಾರಿನವರು ಮುಗಿಬಿದ್ದಿದ್ದರು. ಸ್ಕ್ಯಾನ್ ಆದದ್ದು ಗೊತ್ತಾಗುತ್ತಲೇ ಕರಿಯಮ್ಮ ಫೋನನ್ನೇ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ವೇದಿಕೆಯ ಪಕ್ಕದ ಪರದೆಯ ಹಿಂದೆ ತೌಸಿಫ್ ಮೈಕ್ ಹಿಡಿದು, "ಪಾಷಾ, ಈ ಲಟ್ಟಣಿಗೇಲಿ ಚಪಾತಿ ಲಟ್ಟಿಸ್ತಾರೋ ಗಂಡನ್ನೋ..." ಎನ್ನುತ್ತಿದ್ದವನು ತಲೆಯೆತ್ತಿದ. ಅದೇ ಧ್ವನಿಯ ಯಜಮಾನರು ಎದುರಿಗೆ.

ತೌಸಿಫನ ಕೈ ಮೈಕನ್ನು ತಾನಾಗೇ ಆಫ್ ಮಾಡಿತು.

"ನಂದೇ ತಪ್ಪು ಮಾವ," ಎಂದ. ಅಭ್ಯಾಸಬಲದಿಂದ ಅದೂ ಅವರದೇ ಧ್ವನಿಯಲ್ಲಿ ಬಂತು. ಬೆದರಿ ಸ್ವಂತ ಧ್ವನಿಯಲ್ಲಿ ಇನ್ನೊಮ್ಮೆ ಹೇಳಿದ.

ಶಿವರಂಜಿನಿ ನಡುವೆ ಬಂದು ನಿಂತಳು. "ಅವನದಲ್ಲ, ನಾನೇ ಒಪ್ಪಿದ್ದು. ಕ್ಷಮಿಸಿ ಅಂತ ಕೇಳಲ್ಲ. ನೀವು ಇವರ ಹೊಟ್ಟೆ ಮೇಲೆ ಕೂತಿದ್ರಿ, ನಾವು ನಿಮ್ಮ ಗಂಟಲ ಮೇಲೆ ಕೂತ್ವಿ."

"ಮೈಕ್ ಕೊಡು."

"ಏನ್ ಹೇಳ್ತೀರಿ?"

"ನನ್ ಗಂಟಲು, ನನ್ನಿಷ್ಟ. ಕೊಡು."

ಕರಿಯಮ್ಮ ಬುಟ್ಟಿ ಬಿಟ್ಟು ಹತ್ತಿರ ಬಂದಿದ್ದಳು. "ಕೊಡವ್ವ," ಎಂದಳು ಹಲ್ಲು ಕಚ್ಚಿ. "ಅದೇನ್ ಹಾಳ್ಮಾಡ್ತಾರೋ ಮಾಡ್ಲಿ. ನೋಡಿರ್ತೀನಿ." ಅವಳ ಕೈಯಲ್ಲಿ ಬಿದಿರು ಸೀಳುವ ಕತ್ತಿ ಇತ್ತು. ಕೆಲಸಕ್ಕೆಂದೇ ಹಿಡಿದದ್ದು, ಆದರೆ ಕೆಳಗಿಡಲಿಲ್ಲ.

ಶಿವರಂಜಿನಿ ಮೈಕ್ ಕೊಟ್ಟಳು. ಗುರುಮಲ್ಲಯ್ಯನವರು ಸ್ವಿಚ್ ಒತ್ತಿದರು. ಎರಡು ಸಲ ಕೆಮ್ಮಿದರು.

"ನೋಡಿ, ನಾನೇನು ಬ್ಯಾಡ ಅನ್ನಲ್ಲ."

ಹೊರಗಿನ ರಸ್ತೆ ಗೊಳ್ಳೆಂದಿತು. ನೂಕುನುಗ್ಗಲಿನಲ್ಲಿ ಅವರು ಬಂದದ್ದನ್ನು ಜನ ಗಮನಿಸಿರಲಿಲ್ಲ, ಪರದೆಯ ಹಿಂದೆ ಅವರನ್ನು ಕಂಡವರು ನಾಲ್ಕಾರು ಮಂದಿ. ಬೋಣಿ ಮಾಡಿದ್ದು ತೌಸಿಫನ ಗಂಟಲೆಂಬ ಗುಟ್ಟು ಇಷ್ಟು ಹೊತ್ತಿಗೆ ಮಂಟಪಕ್ಕೂ ರಸ್ತೆಗೂ ಬಯಲಾಗಿತ್ತು. ತೌಸಿಫನ ಕಸುಬು ಯಾರಿಗೆ ಗೊತ್ತಿಲ್ಲ? ಕೊಂಡದ್ದನ್ನು ಯಾರೂ ವಾಪಸ್ ಕೊಟ್ಟಿರಲಿಲ್ಲ, ಮುಂದಿನ ತಮಾಷೆಗೆ ಕಾಯುತ್ತಿದ್ದರು.

ಗುರುಮಲ್ಲಯ್ಯನವರು ಪರದೆಯ ಸಂದಿಯಿಂದ ನೋಡಿದರು. ಮೊರ ಬಗಲಲ್ಲಿಟ್ಟುಕೊಂಡ ಜನ, ಇನ್ನೂ ಬರುತ್ತಿರುವ ಜನ. ತಮ್ಮ ಬಲಗೈ ನೋಡಿಕೊಂಡರು. ಆ ಕೈಯನ್ನು ಉಳಿಸಿಕೊಳ್ಳಲು ಒಂದೇ ದಾರಿಯಿತ್ತು, ಅದು ಕಹಿಯಾಗಿತ್ತು.

"ಬೋಣಿ ಮಾಡಿದ್ದು ನಾನೇ ಕಣ್ರಯ್ಯ," ಎಂದರು. "ನಾನು ಗುರುಮಲ್ಲಯ್ಯ. ಈ ಕೈಯಿಂದಾನೇ ಆಗಿದ್ದು."

"ಏಯ್ ತೌಸಿಫ," ಎಂದು ಹೊರಗಿನಿಂದ ಒಬ್ಬ ಕೂಗಿದ, "ಈಗ್ಲದು ಸರ್ಯಾಗ್ ಬರ್ನಿಲ್ಲ ಕಣ್ಲಾ. ಆಗ್ಲದೇ ಥೇಟ್ ಅವರಂಗಿತ್ತು."

"ಕೆಮ್ಮು ವಸಿ ಜಾಸ್ತಿ ಆಯ್ತು," ಎಂದ ಇನ್ನೊಬ್ಬ.

"ಗುರುಮಲ್ಲಣ್ಣ ಇಷ್ಟು ಮೆತ್ಗೆ ಮಾತಾಡ್ತಾರಾ? ಅಬ್ಯಾಸ ಮಾಡ್ಕಬಾ, ಓಗು."

ಗುರುಮಲ್ಲಯ್ಯನವರು ತಮ್ಮದೇ ಊರಿನಲ್ಲಿ, ತಮ್ಮದೇ ಗಂಟಲಿನ ಮುಂದೆ ಸೋತಿದ್ದರು. ತೌಸಿಫ್ ನೆಲ ನೋಡಿದ. ಕರಿಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಭುಜ ಕುಣಿಯುತ್ತಿತ್ತು. ಲಿಂಗಯ್ಯ ಗೋಡೆಯ ಕಡೆ ಮುಖ ಮಾಡಿ ನಿಂತ, ಬೆನ್ನು ನಡುಗುತ್ತಿತ್ತು. ಶಿವರಂಜಿನಿ ತುಟಿ ಕಚ್ಚಿದರೂ ಮೂಗಿನಿಂದ ಸದ್ದು ಹೊರಟಿತು.

ಆಗ ಗುರುಮಲ್ಲಯ್ಯನವರ ಎದೆಯಲ್ಲಿ ಏನೋ ಜಗ್ಗಿತು. ಬಹಳ ವರ್ಷ ಯಾರೂ ಮುಟ್ಟದ ಕೈಪಂಪಿನ ಹಾಗೆ ಮೊದಲು ಕಿರುಗುಟ್ಟಿತು, ಆಮೇಲೆ ಬರಿ ಗಾಳಿ ಬಂತು, ಆಮೇಲೆ ಒಮ್ಮೆಲೇ ನುಗ್ಗಿತು. ಅವರು ನಕ್ಕರು. ಮೈಕ್ ಬಾಯಿಗೆ ಹಿಡಿದೇ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕರು. ಅವರು ನಕ್ಕದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಗುಂಪಿಗೆ ಕಳಿಸಿದ ಮಾತಿನಲ್ಲಿ ಅದು ಇರಲಿಲ್ಲ, ತೌಸಿಫ್ ಕಲಿತ ಪಾಠದಲ್ಲೂ ಇರಲಿಲ್ಲ.

ಹೊರಗಿನ ಗದ್ದಲ ತಟ್ಟನೆ ನಿಂತಿತು. ಈ ಸದ್ದು ಯಾವನೂ ಅಣಕಿಸಿ ತೆಗೆಯುವಂಥದ್ದಲ್ಲ ಎಂದು ಎಲ್ಲರಿಗೂ ಹೊಳೆಯಿತು.

"ಇದು ಅವರೇ ಕಣಪ್ಪಾ," ಎಂದಿತು ಒಂದು ಸಣ್ಣ ದನಿ.

ಆಮೇಲೆ ರಸ್ತೆಯೂ ಮಂಟಪವೂ ಒಟ್ಟಿಗೆ ನಕ್ಕವು. ಆದರೆ ಎಲ್ಲರ ನಗುವನ್ನೂ ಮೆಟ್ಟಿ ಅವರದೊಂದೇ ಬಸ್ ನಿಲ್ದಾಣದವರೆಗೆ ಕೇಳಿಸಿತು. ಅದರಲ್ಲಿ ಸ್ನೇಹವೇನೂ ಇರಲಿಲ್ಲ. ನಗುನಗುತ್ತಲೇ ಅವರು ಶಿವರಂಜಿನಿಯನ್ನು ದುರುಗುಟ್ಟಿ ನೋಡುತ್ತಿದ್ದರು. ಅವಳು ಹೋಗಿ ಮೈಕಿನ ವಾಲ್ಯೂಮ್ ತಗ್ಗಿಸಿದಳು. ನಗು ತಗ್ಗಲಿಲ್ಲ.